ಬಿಎಡ್ ಒಂದು ವರ್ಷವೋ ಎರಡೋ ನಾಲ್ಕೋ ಅನ್ನೋ ಜಗಳದ ನಡುವೆ, ಶಾಲೆಗೆ ಬರೋ ಟ್ರೈನಿ ಶಿಕ್ಷಕರಿಗೆ ಹೇಳಿಕೊಡೋರು ಯಾರು?

ಕಡೂರು_ಟೀಚರ್ (ಚರ್ಚೆ ಆರಂಭಿಸಿದವರು)

ಎಲ್ಲರಿಗೂ ನಮಸ್ಕಾರ. ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ 6ರಿಂದ 8ನೇ ತರಗತಿಗೆ ಗಣಿತ ತಗೋತೀನಿ. ಪ್ರತಿ ವರ್ಷ ನಮ್ಮಲ್ಲಿಗೆ ಬಿಎಡ್ ಟ್ರೈನಿಗಳು ಬರ್ತಾರೆ. ಶಿಕ್ಷಕರ ಗುಂಪುಗಳಲ್ಲಿ ಈಗ ಬರೀ ವರ್ಷದ ಲೆಕ್ಕವೇ ಮಾತು. 2015-16ರಲ್ಲಿ ಒಂದು ವರ್ಷದ ಬಿಎಡ್ಡನ್ನು ಎರಡು ವರ್ಷ ಮಾಡಿದರು. 2020ರ ರಾಷ್ಟ್ರೀಯ ಶಿಕ್ಷಣ ನೀತಿ 2030ರ ಹೊತ್ತಿಗೆ ನಾಲ್ಕು ವರ್ಷದ ಇಂಟಿಗ್ರೇಟೆಡ್ ಬಿಎಡ್ಡೇ ಕನಿಷ್ಠ ಅರ್ಹತೆ ಆಗಬೇಕು ಅಂದಿತು. 2025ರ ಫೆಬ್ರವರಿಯಲ್ಲಿ ಎನ್‌ಸಿಟಿಇ (ಶಿಕ್ಷಕರ ತರಬೇತಿಗೆ ನಿಯಮ ಮಾಡೋ ರಾಷ್ಟ್ರೀಯ ಮಂಡಳಿ) ಹೊರಡಿಸಿದ ಕರಡಿನಲ್ಲಿ ಒಂದು ವರ್ಷದ್ದು ಮತ್ತೆ ಬಂತು.

ಆದರೆ ಈ ಮೂರರಲ್ಲಿ ಯಾವುದು ಬಂದರೂ ಆ ಹುಡುಗ ಹುಡುಗಿಯರು ಕಡೆಗೆ ನಮ್ಮ ತರಗತಿಗೇ ಬಂದು ನಿಲ್ಲಬೇಕು. ಅಲ್ಲಿ ಅವರಿಗೆ ಕಲಿಸೋದು ಯಾರ ಕೆಲಸ? ಈಗಿನ ನಿಯಮದಲ್ಲಿ 20 ವಾರ ಇಂಟರ್ನ್‌ಶಿಪ್ ಇದೆ, ಮೊದಲ ವರ್ಷ 4, ಎರಡನೇ ವರ್ಷ 16. ಕಾಗದದ ಮೇಲೆ ಚೆನ್ನಾಗಿದೆ. ನಡೆಯೋದು ಹೀಗೆ: ಕಾಲೇಜಿಂದ ಒಂದು ಪತ್ರ ಬರುತ್ತೆ, ಎಚ್‌ಎಂ ಖಾಲಿ ಹುದ್ದೆಯ ಪೀರಿಯಡ್‌ಗಳನ್ನೆಲ್ಲ ಟ್ರೈನಿಗಳಿಗೆ ಹಂಚ್ತಾರೆ. ಒಬ್ಬರು ಸ್ಯಾಟ್ಸ್ ಅನ್ನೋ ಆನ್‌ಲೈನ್ ವಿದ್ಯಾರ್ಥಿ ದಾಖಲೆಯ ಎಂಟ್ರಿಗೆ, ಇನ್ನೊಬ್ಬರು ಬಿಸಿಯೂಟದ ರಿಜಿಸ್ಟರಿಗೆ. ನಾನು ಪಾಠಯೋಜನೆಯ ಪುಸ್ತಕಕ್ಕೆ ಸಹಿ ಹಾಕ್ತೀನಿ. ಕಾಲೇಜಿನ ಉಪನ್ಯಾಸಕರು ಒಂದು ದಿನ ಬಂದು, ಬೆನ್ನುಬೆನ್ನಿಗೆ ನಾಲ್ಕೈದು ಪಾಠ ನೋಡಿ, ಅಂಕ ಬರೆದುಕೊಂಡು ಹೋಗ್ತಾರೆ.

ಒಂದು ಪ್ರಸಂಗ ಹೇಳ್ತೀನಿ. ಆರನೇ ತರಗತಿಗೆ ಒಬ್ಬ ಟ್ರೈನಿ ಭಿನ್ನರಾಶಿ ಮಾಡ್ತಿದ್ದಳು. ಚಾರ್ಟು ನೀಟಾಗಿತ್ತು, ಅಕ್ಷರ ಮುತ್ತು. "1/3 ದೊಡ್ಡದೋ 1/4 ದೊಡ್ಡದೋ?" ಅಂತ ಕೇಳಿದಳು. ಒಬ್ಬ ಹುಡುಗ ಎದ್ದು "1/4 ಮಿಸ್" ಅಂದ. "ತಪ್ಪು, ಕೂತ್ಕೋ. ಬೇರೆ ಯಾರು ಹೇಳ್ತೀರಿ?" ಅಂತ ಮುಂದೆ ಹೋದಳು. ಅವಳ ಪುಸ್ತಕದಲ್ಲಿ ಮುಂದಿನ ಹಂತ ಮೌಲ್ಯಮಾಪನ, ಹಾಗಾಗಿ ಅದನ್ನು ಮಾಡಿದಳು. ಆ ಹುಡುಗ ಯಾಕೆ 1/4 ಅಂದ ಅನ್ನೋದೇ ಆವತ್ತಿನ ನಿಜವಾದ ಪಾಠ. ಅವನಿಗೆ ಮೂರಕ್ಕಿಂತ ನಾಲ್ಕು ದೊಡ್ಡದು. ಮಧ್ಯಾಹ್ನ ಊಟದ ಹೊತ್ತಲ್ಲಿ ಅವಳನ್ನ ಕೂರಿಸಿಕೊಂಡು ಇದನ್ನ ಹೇಳಿದೆ. ಮಾರನೇ ದಿನ ಅವಳು ಒಂದೇ ಅಳತೆಯ ಎರಡು ಕಾಗದದ ಪಟ್ಟಿ ತಂದು ಅವನ ಕೈಗೇ ಕೊಟ್ಟಳು. ಒಂದನ್ನ ಮೂರು ಮಡಿಕೆ, ಇನ್ನೊಂದನ್ನ ನಾಲ್ಕು ಮಡಿಕೆ ಮಾಡಿ, ಅಕ್ಕಪಕ್ಕ ಇಟ್ಟು ಅವನೇ "ಓ, ಜಾಸ್ತಿ ಭಾಗ ಮಾಡಿದ್ರೆ ಚಿಕ್ಕದಾಗುತ್ತೆ" ಅಂದ.

ಆ ಹತ್ತು ನಿಮಿಷ ಯಾವ ವೇಳಾಪಟ್ಟಿಯಲ್ಲೂ ಇಲ್ಲ. ನನಗೆ ಪುರುಸೊತ್ತಿದ್ದರೆ ಉಂಟು, ಇಲ್ಲದಿದ್ದರೆ ಇಲ್ಲ. ಶಿಕ್ಷಕರ ತರಬೇತಿ ಸುಧಾರಣೆ ಅಂದರೆ ಮೊದಲು ಈ ಹತ್ತು ನಿಮಿಷಕ್ಕೆ ವ್ಯವಸ್ಥೆ ಆಗಬೇಕು ಅಂತ ನನ್ನ ವಾದ. ನೀವೇನಂತೀರಿ?

ಬಯಲುಸೀಮೆ_ಬರಹ

ಮೇಡಂ, ನೂರಕ್ಕೆ ನೂರು. ನಮ್ಮ ಶಾಲೆಯಲ್ಲಿ ಟ್ರೈನಿಗಳು ಬಂದರೆ "ಸದ್ಯ, ಪೀರಿಯಡ್ ಕಡಿಮೆ ಆಯ್ತು" ಅಂತಾರೆ, ಅಷ್ಟೇ.

ಬಿಎಡ್_ಎರಡನೇ_ವರ್ಷ

ಇಂಟರ್ನ್‌ಶಿಪ್ ಈಗಷ್ಟೇ ಮುಗಿಸಿದೀನಿ. ನಮ್ಮ ಕಡೆಯಿಂದಲೂ ಒಂದು ಮಾತು ಕೇಳಿ.

ನಾವು ಬರೆದಷ್ಟು ರೆಕಾರ್ಡ್ ಯಾರೂ ಬರೆದಿರಲಿಕ್ಕಿಲ್ಲ. ಸೂಕ್ಷ್ಮ ಬೋಧನೆ ರೆಕಾರ್ಡ್, ಪಾಠಯೋಜನೆ, ಘಟಕ ಪರೀಕ್ಷೆ, ಕ್ರಿಯಾ ಸಂಶೋಧನೆ, ಅವಲೋಕನ ಪುಸ್ತಕ. ಒಂದು ಪಾಠ ಮಾಡೋಕೆ 40 ನಿಮಿಷ ಸಾಕು, ಅದನ್ನ 5ಇ ಅನ್ನೋ ಐದು ಹಂತದ ಮಾದರಿಯಲ್ಲಿ ಬರೆಯೋಕೆ ಒಂದು ರಾತ್ರಿ ಬೇಕು. ಸೀನಿಯರ್‌ಗಳ ಪುಸ್ತಕ ನೋಡಿ ಬರೆಯೋರೇ ಜಾಸ್ತಿ. ಬರೆದದ್ದಕ್ಕೂ ಮಾರನೇ ದಿನ ಮಾಡಿದ್ದಕ್ಕೂ ಸಂಬಂಧ ಇದೆಯಾ ಅಂತ ಯಾರೂ ಕೇಳಲ್ಲ, ಸಹಿ ಇದೆಯಾ ಅಂತ ಕೇಳ್ತಾರೆ.

ಬಸ್ ಚಾರ್ಜು, ಊಟ ಎಲ್ಲ ನಮ್ಮದೇ. ಶಾಲೆಯಲ್ಲಿ ಒಬ್ಬ ಶಿಕ್ಷಕರ ಪೂರ್ತಿ ಕೆಲಸ ಮಾಡ್ತೀವಿ, ಒಂದು ರೂಪಾಯಿ ಸ್ಟೈಪೆಂಡ್ ಇಲ್ಲ. ಮನೆಯಲ್ಲಿ ಕಷ್ಟ ಇರೋ ಹುಡುಗರು ಸಂಜೆ ಬೇರೆ ಕೆಲಸಕ್ಕೆ ಹೋಗ್ತಾರೆ. ಅವರು ಮಾರನೇ ದಿನಕ್ಕೆ ಯಾವಾಗ ತಯಾರಿ ಮಾಡ್ಕೋಬೇಕು ಹೇಳಿ.

ನಾನು ಕಲಿತದ್ದು ಅಂದ್ರೆ ಆ ಶಾಲೆಯ ಕನ್ನಡ ಮೇಡಂ ಹತ್ರ. "ನನ್ನ ಕ್ಲಾಸಲ್ಲಿ ಹಿಂದೆ ಕೂತ್ಕೋ, ಪಾಠ ನೋಡಬೇಡ, ಕೊನೇ ಬೆಂಚಿನ ಮೂರು ಜನರನ್ನ ಮಾತ್ರ ನೋಡು" ಅಂದರು. ಬೇರೆ ಯಾರೂ ಹಂಗೆ ಹೇಳಿರಲಿಲ್ಲ.

ನಿವೃತ್ತ_ಮೇಷ್ಟ್ರು

ನಾನು ಟಿಸಿಎಚ್, ಅಂದರೆ ಹಳೆಯ ಪ್ರಾಥಮಿಕ ಶಿಕ್ಷಕರ ತರಬೇತಿ ಕೋರ್ಸು, ಓದಿದವನು. ನಮ್ಮ ಕಾಲದಲ್ಲಿ ತರಬೇತಿ ಸಂಸ್ಥೆಯ ಕಾಂಪೌಂಡಿಗೇ ಅಂಟಿಕೊಂಡು ಒಂದು ಅಭ್ಯಾಸ ಶಾಲೆ ಇತ್ತು. ಬೆಳಿಗ್ಗೆ ಕೇಳಿದ್ದನ್ನ ಮಧ್ಯಾಹ್ನ ಅಲ್ಲಿ ಮಾಡಿ ನೋಡಬೇಕು. ಕ್ರಿಟಿಸಿಸಂ ಲೆಸನ್ ಅಂತ ಇರೋದು. ಒಬ್ಬ ಪಾಠ ಮಾಡಬೇಕು, ಮಿಕ್ಕವರೆಲ್ಲ ಮೇಷ್ಟ್ರ ಜೊತೆ ಹಿಂದೆ ಕೂತು ಬರೆದುಕೊಂಡು, ಆಮೇಲೆ ಒಂದೊಂದೇ ಬಿಡಿಸಿ ಹೇಳಬೇಕು. ಕೈಕಾಲು ನಡುಗೋದು, ಆದರೆ ಕಪ್ಪು ಹಲಗೆಯ ಮುಂದೆ ಎಲ್ಲಿ ನಿಲ್ಲಬೇಕು ಅನ್ನೋದರಿಂದ ಹಿಡಿದು ಎಲ್ಲ ಅಲ್ಲೇ ಬಂತು. ಎರಡು ವರ್ಷ, ನಾಲ್ಕು ವರ್ಷ ಯಾಕೆ ಬೇಕು? ಒಂದೇ ವರ್ಷ ಸರಿಯಾಗಿ ಕಲಿಸಿದರೆ ಸಾಕು.

ಹುಬ್ಬಳ್ಳಿ_ಗುರುಗಳು

ಮೇಷ್ಟ್ರ, ನಿಮ್ಮ ಬಗ್ಗೆ ಗೌರವ ಐತ್ರಿ, ಆದ್ರ ಒಂದು ವರ್ಷ ಸಾಕು ಅನ್ನೂದನ್ನ ನಾ ಒಪ್ಪಂಗಿಲ್ಲ. ನಿಮ್ಮ ಟಿಸಿಎಚ್ಚೂ ಎರಡು ವರ್ಷದ್ದ ಇತ್ತಲ್ರಿ. ಮತ್ತ ಆಗ ಪಿಯುಸಿ ಮುಗಿಸಿದ ಹುಡುಗೂರಿಗೆ ಹೇಳಿಕೊಡೂದು ಬ್ಯಾರೆ, ಈಗ ಎಂಎಸ್ಸಿ ಮಾಡ್ಕೊಂಡು "ನನಗೆಲ್ಲಾ ಗೊತ್ತೈತಿ" ಅಂತ ಬರೂ ಹುಡುಗೂರಿಗೆ ಹೇಳಿಕೊಡೂದು ಬ್ಯಾರೆ.

ಖರೇ ರೋಗ ಎಲ್ಲೈತಿ ಅಂತ ಯಾರೂ ಬಾಯಿಬಿಟ್ಟು ಹೇಳವಲ್ರು. ನಾನ್ ಅಟೆಂಡಿಂಗ್ ಬಿಎಡ್! ಹೊರರಾಜ್ಯದಿಂದ ಹುಡುಗೂರು ರೊಕ್ಕ ಕಟ್ಟತಾರ, ಪರೀಕ್ಷೆಗೆ ಬರ್ತಾರ, ಹೋಗ್ತಾರ. ಹಾಜರಿ ಪುಸ್ತಕ ತುಂಬಿರತೈತಿ. ನಿಯಮದಾಗ ತರಗತಿಗೆ 80%, ಇಂಟರ್ನ್‌ಶಿಪ್‌ಗೆ 90% ಹಾಜರಿ ಬೇಕಂತ ಬರದೈತಿ. ನನಗ ಗೊತ್ತಿರೂ ಒಂದು ಕಾಲೇಜಿನಾಗ ಇಂಟರ್ನ್‌ಶಿಪ್ ಸರ್ಟಿಫಿಕೇಟಿಗೆ ಸಹಿ ಮಾಡಿದ ಶಾಲಿ ಹೆಡ್‌ಮಾಸ್ತರ್ ಆ ಹುಡುಗೂರ ಮುಖಾನ ನೋಡಿಲ್ಲ. ಅಂಥಾದ್ರಾಗ ಹತ್ತು ನಿಮಿಷದ ಮಾತು ಎಲ್ಲಿ ಬಂತ್ರಿ ಟೀಚರ್? ಮೊದಲ ಮನಷ್ಯಾ ಶಾಲಿಗೆ ಬರಬೇಕಲ್ಲ.

ಖಾಸಗಿ_ಪ್ರಾಂಶುಪಾಲ

ಖಾಸಗಿ ಕಾಲೇಜು ಅಂದಕೂಡಲೇ ಎಲ್ಲರನ್ನೂ ಒಂದೇ ತಕ್ಕಡಿಗೆ ಹಾಕಬೇಡಿ. ನಾನೂ ಒಂದು ಖಾಸಗಿ ಬಿಎಡ್ ಕಾಲೇಜು ನಡೆಸ್ತಿದೀನಿ, ನಮ್ಮಲ್ಲಿ ಹಾಜರಿ ಕಡಿಮೆ ಇದ್ದರೆ ಪರೀಕ್ಷೆಗೆ ಕೂರಿಸಲ್ಲ. ಅದರ ಫಲವಾಗಿ ಏನಾಗಿದೆ ಗೊತ್ತಾ? "ನಿಮ್ಮಲ್ಲಿ ಸ್ಟ್ರಿಕ್ಟು" ಅಂತ ಮ್ಯಾನೇಜ್‌ಮೆಂಟ್ ಸೀಟು ಖಾಲಿ ಬೀಳ್ತಿದೆ.

ಎನ್‌ಸಿಟಿಇಯ 2014ರ ನಿಯಮದ ಪ್ರಕಾರ ವರ್ಷಕ್ಕೆ 100 ವಿದ್ಯಾರ್ಥಿಗಳನ್ನು ಸೇರಿಸಿಕೊಳ್ಳೋ ಕಾಲೇಜಿಗೆ (ಎರಡೂ ವರ್ಷ ಸೇರಿ 200) 16 ಮಂದಿ ಪೂರ್ಣಾವಧಿ ಬೋಧಕರು ಇರಬೇಕು. ಸರ್ಕಾರಿ ಕೋಟಾದ ಶುಲ್ಕದಲ್ಲಿ, ಅರ್ಧ ಖಾಲಿ ಇರೋ ಕಾಲೇಜಲ್ಲಿ, 16 ಮಂದಿಗೆ ಯುಜಿಸಿ ಸಂಬಳ ಕೊಡೋದು ಹೇಗೆ? ಅನುದಾನ ಇಲ್ಲ. ಕಾಗದದ ಮೇಲೆ 16 ಹೆಸರು ಇಟ್ಟು ಅರ್ಧ ಜನರಲ್ಲಿ ಕೆಲಸ ನಡೆಸೋರು ಇದಾರೆ, ಒಪ್ತೀನಿ. ಆದರೆ ತಪಾಸಣೆಗೆ ಬಂದವರು ಕಟ್ಟಡದ ಚದರಡಿ ಅಳೀತಾರೆ, ಗ್ರಂಥಾಲಯದ ಪುಸ್ತಕ ಎಣಿಸ್ತಾರೆ. ಪಾಠ ನೋಡಿದ ತಪಾಸಣಾ ತಂಡ ನಾನು ಇದುವರೆಗೆ ಕಂಡಿಲ್ಲ.

ಹುಬ್ಬಳ್ಳಿ_ಗುರುಗಳು

ಸರ್, ನಿಮ್ಮಂಥಾವರು ನಾಲ್ಕು ಮಂದಿ ಇರಬಹುದು. ಉಳದವರ ಬಗ್ಗೆ ನೀವ ದನಿ ಎತ್ತಬೇಕಲ್ರಿ, ನಿಮ್ಮ ಸಂಘದಾಗ.

ಖಾಸಗಿ_ಪ್ರಾಂಶುಪಾಲ

ಎತ್ತಿದೀನಿ ಸರ್. ನಿಷ್ಠುರ ಕಟ್ಟಿಕೊಂಡಿದ್ದಷ್ಟೇ ಬಂತು.

ಕಾನೂನು_ಕಣ್ಣು

ಈ ಮಾತೆಲ್ಲ ಹಿಂದೆಯೇ ಅಧಿಕೃತವಾಗಿ ದಾಖಲಾಗಿದೆ. ಮಹಾರಾಷ್ಟ್ರದ ಡಿಎಡ್ (ಪ್ರಾಥಮಿಕ ಶಿಕ್ಷಕರ ತರಬೇತಿ) ಕಾಲೇಜುಗಳ ಮಾನ್ಯತೆಯ ಪ್ರಕರಣದಿಂದ ಶುರುವಾಗಿ ಸುಪ್ರೀಂ ಕೋರ್ಟ್ ನ್ಯಾಯಮೂರ್ತಿ ಜೆ.ಎಸ್. ವರ್ಮಾ ಅವರ ನೇತೃತ್ವದಲ್ಲಿ ಆಯೋಗ ರಚಿಸಿತು, 2012ರಲ್ಲಿ ವರದಿ ಬಂತು. ಸೇವಾಪೂರ್ವ ತರಬೇತಿ ಸಂಸ್ಥೆಗಳಲ್ಲಿ ಸುಮಾರು 90% ಖಾಸಗಿಯವರ ಕೈಯಲ್ಲಿವೆ, ಸರ್ಕಾರ ಇದರಲ್ಲಿ ಹೆಚ್ಚು ಹಣ ಹೂಡಬೇಕು ಅಂತ ಅದರಲ್ಲಿದೆ. ಕಡೂರು ಮೇಡಂ ಹೇಳ್ತಿರೋದಕ್ಕೆ ಹತ್ತಿರದ ಶಿಫಾರಸೂ ಅಲ್ಲೇ ಇದೆ: ಪ್ರತಿ ತರಬೇತಿ ಸಂಸ್ಥೆಗೂ ಅದರದ್ದೇ ಅಂತ ಒಂದು ಶಾಲೆ ಪ್ರಯೋಗಾಲಯದ ಹಾಗೆ ಇರಬೇಕು. ಆಸ್ಪತ್ರೆ ಇಲ್ಲದ ಮೆಡಿಕಲ್ ಕಾಲೇಜಿಗೆ ಮಾನ್ಯತೆ ಕೊಡಲ್ಲ ಅಲ್ವಾ, ಅದೇ ತರ್ಕ.

ಆ ವರದಿಯಿಂದ ಅವಧಿ ಹೆಚ್ಚಿಸೋ ಮಾತು ಮಾತ್ರ ಬೇಗ ಜಾರಿಗೆ ಬಂತು. ಶಾಲೆಯ ಮಾತು ಹಿಂದೆ ಉಳೀತು. ಒಂದಕ್ಕೆ ಅಧಿಸೂಚನೆ ಸಾಕು, ಇನ್ನೊಂದಕ್ಕೆ ದುಡ್ಡು ಬೇಕು.

ಹೊಸಕೋಟೆ_ಹುಡುಗ

ಸುಪ್ರೀಂ ಕೋರ್ಟ್ ಬಿಎಡ್ಡನ್ನೇ ಅಮಾನ್ಯ ಮಾಡಿದೆ ಅಂತ ವಾಟ್ಸಾಪಲ್ಲಿ ಬಂತಲ್ಲ, ನಿಜವಾ? ನನ್ನ ಅಕ್ಕ ಈಗ ಸೇರಿದಾಳೆ.

ಕಾನೂನು_ಕಣ್ಣು

ಇಲ್ಲ. ಗಾಬರಿ ಬೇಡ. 2018ರ ಜೂನ್ 28ರಂದು ಎನ್‌ಸಿಟಿಇ ಒಂದು ಅಧಿಸೂಚನೆ ಹೊರಡಿಸಿ, ಬಿಎಡ್ ಆದವರೂ 1ರಿಂದ 5ನೇ ತರಗತಿಗೆ ಶಿಕ್ಷಕರಾಗಬಹುದು, ಸೇರಿದ ಎರಡು ವರ್ಷದೊಳಗೆ ಆರು ತಿಂಗಳ ಬ್ರಿಡ್ಜ್ ಕೋರ್ಸ್ ಮಾಡಬೇಕು ಅಂದಿತ್ತು. ರಾಜಸ್ಥಾನ ಹೈಕೋರ್ಟ್ ಅದನ್ನು ರದ್ದು ಮಾಡಿತು, 2023ರ ಆಗಸ್ಟ್ 11ರಂದು ಸುಪ್ರೀಂ ಕೋರ್ಟ್ ಅದನ್ನೇ ಎತ್ತಿಹಿಡೀತು. ಅಂದರೆ 1ರಿಂದ 5ಕ್ಕೆ ಡಿಎಲ್‌ಎಡ್ (ಹಿಂದಿನ ಡಿಎಡ್) ಬೇಕು. ಬಿಎಡ್ ಆದವರಿಗೆ 6ನೇ ತರಗತಿಯಿಂದ ಮೇಲಕ್ಕೆ ದಾರಿ ಇದ್ದೇ ಇದೆ. ನಿಮ್ಮ ಅಕ್ಕ ನಿಶ್ಚಿಂತೆಯಿಂದ ಓದಲಿ.

ರಾಯಚೂರು_ಅತಿಥಿ

ಆ ತೀರ್ಪು ಸರಿ ಐತ್ರಿ. ನಾನು ಬಿಎಡ್ ಮಾಡಿ ಅತಿಥಿ ಶಿಕ್ಷಕಳಾಗಿ ಕಿರಿಯ ಪ್ರಾಥಮಿಕ ಶಾಲಿಗೆ ಹೋಗಿದ್ದೆ. ಹೋದ ದಿನಾನೇ ನಲಿಕಲಿ ಕೋಣಿ, ಅಂದ್ರ ಮಕ್ಕಳು ಕಾರ್ಡು ಹಿಡದು ಚಟುವಟಿಕೆ ಮಾಡ್ತಾ ಕಲಿಯೂ ಕೋಣಿ, ನನ್ನ ಪಾಲಿಗೆ ಬಂತು. ಒಂದು, ಎರಡು, ಮೂರನೇ ತರಗತಿ ಒಂದೇ ಕಡೆ. ಗೋಡಿ ಮ್ಯಾಲ ಕಲಿಕಾ ಏಣಿ, ಮ್ಯಾಲ ಚಪ್ಪರ, ಕೆಳಗ ಗುಂಪಿಗೊಂದು ತಟ್ಟಿ, ಒಂದೊಂದು ಕಾರ್ಡಿಗೆ ಒಂದೊಂದು ಲೋಗೋ. ಒಂದು ಮಗು ಕಾರ್ಡು ತಂದು "ಅಕ್ಕೋರೆ, ನಾ ಈಗ ಯಾವ ತಟ್ಟಿಗೆ ಹೋಗ್ಲಿ?" ಅಂತ ಕೇಳಿದಾಗ ನನಗ ಉತ್ತರ ಗೊತ್ತಿರಲಿಲ್ಲ. ಬಿಎಡ್‌ನಾಗ ಇದರ ಬಗ್ಗೆ ಒಂದು ಅಕ್ಷರ ಹೇಳಿದ್ದಿಲ್ಲ. ನಲಿಕಲಿ ಹುಟ್ಟಿದ್ದು 1995ರಾಗ ಎಚ್.ಡಿ. ಕೋಟೆಯೊಳಗ, ಅಲ್ಲಿನ ಮಾಸ್ತರುಗಳ ಕೈಯಾಗ. ಈಗ ರಾಜ್ಯದ ತುಂಬ ಐತಿ. ಮೂರನೇ ತರಗತಿ ಓದೂ ಹುಡುಗಿನೇ ನನಗ ಏಣಿ ತೋರಿಸಿ ಕಲಿಸಿದ್ಲು.

ಇನ್ನೊಂದು. ನಮ್ಮ ಕಡೆ ಅತಿಥಿ ಶಿಕ್ಷಕರಿಲ್ಲದ ಶಾಲಿ ಹುಡುಕೂದು ಕಷ್ಟ. ತಿಂಗಳಿಗೆ 12 ಸಾವಿರದ ಆಸುಪಾಸು ಗೌರವಧನ, ಅದೂ ತಿಂಗಳಾನುಗಟ್ಟಲೆ ಬಾಕಿ. ಟ್ರೈನಿಗೆ ಮಾರ್ಗದರ್ಶನ ಮಾಡೂ ಕಾಯಂ ಶಿಕ್ಷಕರೇ ಇಲ್ಲದ ಶಾಲಿಗೆ ಇಂಟರ್ನ್‌ಶಿಪ್ ಹಾಕಿದ್ರ ಯಾರಿಂದ ಕಲೀಬೇಕ್ರಿ ಅವರು? ನಮ್ಮಲ್ಲಿ ಬಂದ ಟ್ರೈನಿಗೆ ಹೇಳಿಕೊಟ್ಟಾಕಿ ನಾನೇ.

ಪುತ್ತೂರು_ಪೋಷಕಿ

ಇದೆಲ್ಲ ಸರಿ ಮಾರಾಯ್ರೇ, ಆದರೆ ಬಿಎಡ್ ಕಾಲೇಜಿನಲ್ಲಿ ಹುಡುಗಿಯರಿಗೆ ದಿನಾ ಸೀರೆಯೇ ಉಡಬೇಕು ಅಂತ ನಿಯಮ ಯಾಕೆ? ನನ್ನ ಮಗಳು ಮಳೆಗಾಲದಲ್ಲಿ ಎರಡು ಬಸ್ಸು ಬದಲಿಸಿ ಹೋಗಬೇಕು. ಸೀರೆಯ ಅಂಚು ಕೆಸರು ಮಾಡಿಕೊಂಡು ದಿನವಿಡೀ ನಿಂತು ಪಾಠ ಮಾಡುವುದುಂಟು. ಗಂಡುಹುಡುಗರಿಗೆ ಪ್ಯಾಂಟು ಶರ್ಟು ಸಾಕಂತೆ.

ನಿವೃತ್ತ_ಮೇಷ್ಟ್ರು

ಶಿಕ್ಷಕಿ ಅಂದಮೇಲೆ ಒಂದು ಗಾಂಭೀರ್ಯ ಇರಬೇಕಲ್ಲವೇ ತಾಯಿ.

ಪುತ್ತೂರು_ಪೋಷಕಿ

ಗಾಂಭೀರ್ಯ ಬಟ್ಟೆಯಿಂದ ಬರುವುದಿಲ್ಲ ಮೇಷ್ಟ್ರೇ. ಮಕ್ಕಳ ಜೊತೆ ನೆಲದಲ್ಲಿ ಕೂತು ಚಟುವಟಿಕೆ ಮಾಡಿಸಿ ಅಂತ ಕಲಿಸುವುದು ಅವರೇ, ಕೂರಲಿಕ್ಕೆ ಆಗದ ಬಟ್ಟೆ ಹಾಕಿಸುವುದೂ ಅವರೇ.

ಬಿಎಡ್_ಎರಡನೇ_ವರ್ಷ

ಧನ್ಯವಾದ ಅಕ್ಕ. ಇದನ್ನ ನಮ್ಮ ಕಾಲೇಜಲ್ಲಿ ಹೇಳೋಕೆ ಧೈರ್ಯ ಇರಲಿಲ್ಲ ನಮಗೆ.

ಲೆಸ್ಟರ್_ಕನ್ನಡತಿ

ದಾವಣಗೆರೆ ಕಡೆಯವಳು, ಈಗ ಇಂಗ್ಲೆಂಡಿನ ಸೆಕೆಂಡರಿ ಶಾಲೆಯಲ್ಲಿ ಭೌತಶಾಸ್ತ್ರ ಹೇಳ್ತೀನಿ. ಕಡೂರು ಮೇಡಂ ಕೇಳಿದ ಹತ್ತು ನಿಮಿಷ ಇಲ್ಲಿ ಹೇಗೆ ಸಿಗುತ್ತೆ ಅಂತ ಬರೀತೀನಿ.

ಪದವಿ ಆದಮೇಲೆ ಒಂದು ವರ್ಷದ ಪಿಜಿಸಿಇ, ನಮ್ಮ ಬಿಎಡ್ ಥರದ್ದು. ಅದರಲ್ಲಿ ಬಹುಪಾಲು ಶಾಲೆಯಲ್ಲೇ ಇರಬೇಕು, ಕನಿಷ್ಠ ಎರಡು ಬೇರೆ ಬೇರೆ ಶಾಲೆಗಳಲ್ಲಿ. ಪ್ರತಿ ಟ್ರೈನಿಗೂ ಆ ಶಾಲೆಯ ಒಬ್ಬ ಶಿಕ್ಷಕರು ಮೆಂಟರ್. ವಾರಕ್ಕೊಮ್ಮೆ ಕೂತು ಮಾತಾಡೋ ಸಮಯ ಮೆಂಟರ್‌ನ ವೇಳಾಪಟ್ಟಿಯಲ್ಲೇ ಇರುತ್ತೆ. ಕೆಲಸಕ್ಕೆ ಸೇರಿದ ಮೇಲೂ ಬಿಡಲ್ಲ. 2021ರಿಂದ ಹೊಸ ಶಿಕ್ಷಕರಿಗೆ ಎರಡು ವರ್ಷದ ಇಂಡಕ್ಷನ್, ಮೊದಲ ವರ್ಷ 10%, ಎರಡನೇ ವರ್ಷ 5% ಪಾಠದ ಹೊರೆ ಕಡಿಮೆ.

ಹಾಗಂತ ಇಲ್ಲಿ ಎಲ್ಲ ಸರಿ ಇದೆ ಅಂತಲ್ಲ. 2021ರಲ್ಲಿ ತರಬೇತಿ ಸಂಸ್ಥೆಗಳ ಮರುಪರಿಶೀಲನೆ ಅಂತ ಹೊರಟು, ಎಲ್ಲರೂ ಹೊಸದಾಗಿ ಮಾನ್ಯತೆ ಪಡೀಬೇಕು ಅಂದರು. 2024ರ ಸೆಪ್ಟೆಂಬರಿನಿಂದ 179 ಸಂಸ್ಥೆಗಳಿಗೆ ಮಾತ್ರ ಮಾನ್ಯತೆ ಸಿಕ್ಕಿತು. ಹೆಸರಾಂತ ವಿಶ್ವವಿದ್ಯಾಲಯಗಳೂ ಮೊದಲ ಸುತ್ತುಗಳಲ್ಲಿ ಹೊರಗುಳಿದವು. ಭೌತಶಾಸ್ತ್ರಕ್ಕೆ ಬೇಕಾದಷ್ಟು ಟ್ರೈನಿಗಳು ವರ್ಷ ವರ್ಷವೂ ಸಿಗ್ತಿಲ್ಲ. ಮೆಂಟರ್‌ಗಳಿಗೂ ಕೆಲಸ ಜಾಸ್ತಿ ಅಂತ ಗೊಣಗಾಟ ಇದೆ. ಆದರೆ ಯಾರು ಹೇಳಿಕೊಡಬೇಕು ಅನ್ನೋ ಪ್ರಶ್ನೆಗೆ ಇಲ್ಲಿ ಒಂದು ಹೆಸರು ಇರುತ್ತೆ. ಅದು ದೊಡ್ಡ ವ್ಯತ್ಯಾಸ.

ಹುಬ್ಬಳ್ಳಿ_ಗುರುಗಳು

ಅಕ್ಕೋರೆ, ನಿಮ್ಮಲ್ಲಿ ಒಂದು ತರಗತಿಗೆ ಎಷ್ಟು ಮಕ್ಕಳು, ಎಷ್ಟು ಮಾಸ್ತರು ಅನ್ನೂದನ್ನೂ ಬರೀರಿ. ನಮ್ಮಲ್ಲಿ ಏಕೋಪಾಧ್ಯಾಯ ಶಾಲಿ ಅದಾವ. ಅಲ್ಲಿ ಮೆಂಟರ್ ಅಂದ್ರ ಗೋಡಿನ.

ಲೆಸ್ಟರ್_ಕನ್ನಡತಿ

ಒಪ್ತೀನಿ ಸರ್. ಅದಕ್ಕೇ ಎಲ್ಲ ಶಾಲೆಗೂ ಟ್ರೈನಿ ಕಳಿಸಬಾರದು. ಇಲ್ಲೂ ಎಲ್ಲ ಶಾಲೆಗೂ ಕಳಿಸಲ್ಲ, ಆರಿಸಿ ಕಳಿಸ್ತಾರೆ.

ಡಯಟ್_ಉಪನ್ಯಾಸಕ

ಡಯಟ್ (ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆ) ಒಳಗಿನವನಾಗಿ ಎರಡು ಮೂರು ವಿಷಯ.

ಶಾಲೆಗಳನ್ನು ಆರಿಸೋದು ನಮ್ಮಲ್ಲಿ ಕಾಲೇಜಿಗೆ ಹತ್ತಿರ ಯಾವುದು ಅನ್ನೋದರ ಮೇಲೆ. ಎಲ್ಲಿ ಒಳ್ಳೆಯ ಗಣಿತ ಶಿಕ್ಷಕರಿದ್ದಾರೆ ಅನ್ನೋ ಪಟ್ಟಿ ಯಾರ ಬಳಿಯೂ ಇಲ್ಲ, ಆದರೆ ಯಾವುದೇ ಸಿಆರ್‌ಪಿಯನ್ನು (ಸುತ್ತಲಿನ ಶಾಲೆಗಳನ್ನು ನೋಡಿಕೊಳ್ಳೋ ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ) ಕೇಳಿ, ಬಾಯಲ್ಲೇ ಹೇಳ್ತಾರೆ. ಆ ಮಾಹಿತಿ ಇದೆ, ಬಳಸ್ತಿಲ್ಲ.

ಎರಡನೆಯದು ಕಹಿ. ಬಿಎಡ್, ಡಿಎಲ್‌ಎಡ್ ಕಲಿಸುವ ನಮ್ಮಲ್ಲೇ ಎಷ್ಟೋ ಜನ ಪ್ರಾಥಮಿಕ ಶಾಲೆಯಲ್ಲಿ ಒಂದು ವರ್ಷವೂ ಪಾಠ ಮಾಡಿದವರಲ್ಲ. ಎಂಎಡ್, ನೆಟ್ ಆಗಿರುತ್ತೆ. ಮಕ್ಕಳ ಮನೋವಿಜ್ಞಾನಿ ಪಿಯಾಜೆಯ ಸಿದ್ಧಾಂತ ಹೇಳಬಲ್ಲರು, ಒಂದನೇ ತರಗತಿಗೆ ಓದು ಕಲಿಸೋದು ತೋರಿಸಲಾರರು. 1986ರ ನೀತಿಯ ನಂತರ ಡಯಟ್‌ಗಳು ಹುಟ್ಟಿದಾಗ ಜಿಲ್ಲೆಯ ಶಾಲೆಗಳ ಜೊತೆ ಉಸಿರಾಡುವ ಸಂಸ್ಥೆ ಆಗಲಿ ಅನ್ನೋ ಆಸೆ ಇತ್ತು. ಈಗ ನಮ್ಮ ದಿನಗಳು ಆನ್‌ಲೈನ್ ಮೀಟಿಂಗು, ವರದಿ, ಮೇಲ್ವಿಚಾರಣೆಗೆ ಹೋಗ್ತಿವೆ.

ಮೂರನೆಯದು: 2025ರ ಸೆಪ್ಟೆಂಬರ್ 1ರ ತೀರ್ಪು. ನಿವೃತ್ತಿಗೆ ಐದು ವರ್ಷಕ್ಕಿಂತ ಹೆಚ್ಚಿರುವ ಸೇವಾನಿರತ ಶಿಕ್ಷಕರೂ ಎರಡು ವರ್ಷದೊಳಗೆ ಟಿಇಟಿ (ಶಿಕ್ಷಕರ ಅರ್ಹತಾ ಪರೀಕ್ಷೆ) ಪಾಸಾಗಬೇಕು ಅಂತ ಸುಪ್ರೀಂ ಕೋರ್ಟ್ ಹೇಳಿತು. 20 ವರ್ಷ ಪಾಠ ಮಾಡಿದ, ಟ್ರೈನಿಗಳನ್ನು ನಾವು ಕಣ್ಣುಮುಚ್ಚಿ ಕಳಿಸುತ್ತಿದ್ದ ಶಿಕ್ಷಕಿಯರು ಆಮೇಲೆ ಸಂಜೆ ಹೊತ್ತು ಟಿಇಟಿ ಗೈಡ್ ಹಿಡಿದು ಕೂತರು.

ಬಯಲುಸೀಮೆ_ಬರಹ

ಟಿಇಟಿ ವಿಷಯ ತೆಗೆದಿರಿ, ಈಗ ಇಲ್ಲೇ ನೂರು ಕಾಮೆಂಟ್ ಬೀಳುತ್ತೆ. 150 ಪ್ರಶ್ನೆಗೆ ಗುರುತು ಹಾಕಿದರೆ ಒಳ್ಳೆ ಶಿಕ್ಷಕ ಅಂತ ಗೊತ್ತಾಗುತ್ತಾ?

ಕಾನೂನು_ಕಣ್ಣು

ಗೊತ್ತಾಗಲ್ಲ. ಆದರೆ ತರಬೇತಿ ಸಂಸ್ಥೆ ಕೊಡುವ ಸರ್ಟಿಫಿಕೇಟಿನ ಮೇಲೆ ನಂಬಿಕೆ ಇದ್ದಿದ್ದರೆ 2010ರಲ್ಲಿ ಟಿಇಟಿ ತರುವ ಅಗತ್ಯವೇ ಅಷ್ಟಾಗಿ ಬರ್ತಿರಲಿಲ್ಲ. ಹುಬ್ಬಳ್ಳಿ ಸರ್ ಹೇಳಿದ ಖಾಲಿ ಹಾಜರಿಗೂ ಇದಕ್ಕೂ ನೇರ ನಂಟು ಇದೆ.

ಹಿರಿಯೂರು_ಪಿಎಸ್‌ಟಿ

ಟಿಇಟಿ ಬಿಡಿ, ಪದವಿ ಇದ್ದೂ ನಮ್ಮಂಥ ಪ್ರಾಥಮಿಕ ಶಿಕ್ಷಕರನ್ನ (ಪಿಎಸ್‌ಟಿ) 1ರಿಂದ 5ಕ್ಕೆ ಅಂತ ಕಟ್ಟಿಹಾಕಿದಾರಲ್ಲ, ವರ್ಷಗಟ್ಟಲೆ 6, 7ನೇ ತರಗತಿಗೆ ಪಾಠ ಮಾಡಿದವರನ್ನ! ಅದರ ಬಗ್ಗೆ ಯಾರೂ ಮಾತಾಡಲ್ಲ.

ಕಡೂರು_ಟೀಚರ್

ಸರ್, ನಿಮ್ಮ ನೋವು ನ್ಯಾಯವಾದದ್ದು. ಅದಕ್ಕೆ ಬೇರೆ ಚರ್ಚೆಯೇ ಬೇಕು, ನೀವು ಶುರು ಮಾಡಿ, ನಾನೂ ಬರೀತೀನಿ. ಇಲ್ಲಿ ತರಬೇತಿಯ ಮಾತೇ ಇರಲಿ ದಯವಿಟ್ಟು.

ಮಾನಸಗಂಗೋತ್ರಿ_ಹಳಬ

ನಾಲ್ಕು ವರ್ಷದ ಕೋರ್ಸು ಹೊಸದೇನಲ್ಲ ಕಣ್ರೀ. ಮೈಸೂರಿನ ಪ್ರಾದೇಶಿಕ ಶಿಕ್ಷಣ ಸಂಸ್ಥೆ, ಆರ್‌ಐಇ, 1963ರಿಂದಲೂ ಇದನ್ನ ನಡೆಸ್ತಾ ಬಂದಿದೆ. ನಾನು ಬಿಎಸ್ಸಿಎಡ್ ಮಾಡಿದ್ದು ಅಲ್ಲೇ. ರಸಾಯನಶಾಸ್ತ್ರವೂ, ಅದನ್ನ ಮಕ್ಕಳಿಗೆ ಹೇಳೋದೂ ಒಟ್ಟೊಟ್ಟಿಗೆ. ಕ್ಯಾಂಪಸ್ಸಿನಲ್ಲೇ ಡೆಮಾನ್ಸ್ಟ್ರೇಷನ್ ಸ್ಕೂಲ್ ಇದೆ. ವರ್ಮಾ ಆಯೋಗ 2012ರಲ್ಲಿ ಕೇಳಿದ್ದು ಅಲ್ಲಿ ಆಗಲೇ ಇತ್ತು. ಆ ಶಾಲೆಯ ಮಕ್ಕಳು ಟ್ರೈನಿಗಳನ್ನ ನೋಡಿ ನೋಡಿ ಪಳಗಿದವರು. ಪಾಠ ಸರಿ ಇಲ್ಲದಿದ್ದರೆ ಮುಖದಲ್ಲೇ ತೋರಿಸ್ತಿದ್ದರು.

ಆದರೂ ಎರಡು ಮಾತು ಹೇಳಲೇಬೇಕು. ಇಷ್ಟು ದಶಕ ಕಳೆದರೂ ಆ ಮಾದರಿ ಜಿಲ್ಲೆ ಜಿಲ್ಲೆಗೆ ಹರಡಲಿಲ್ಲ. ಮತ್ತೆ ನನ್ನ ಜೊತೆ ಓದಿದವರಲ್ಲಿ ಬಹಳ ಜನ ಎಂಎಸ್ಸಿ, ಬ್ಯಾಂಕು, ಸಾಫ್ಟ್‌ವೇರ್ ಅಂತ ಹೋದರು. 17-18 ವಯಸ್ಸಿಗೇ "ನಾನು ಶಿಕ್ಷಕನೇ ಆಗ್ತೀನಿ" ಅಂತ ತೀರ್ಮಾನ ಮಾಡಿಸೋದು ಸುಲಭವಲ್ಲ. ಐಟೆಪ್, ಅಂದರೆ ಹೊಸ ನೀತಿಯ ನಾಲ್ಕು ವರ್ಷದ ಇಂಟಿಗ್ರೇಟೆಡ್ ಕೋರ್ಸು, ಕೂಡ ಇದೇ ಗೋಡೆಗೆ ಹಣೆ ಹೊಡೆಯುತ್ತೆ. 2021ರಲ್ಲಿ ಅಧಿಸೂಚನೆ, 2023-24ರಲ್ಲಿ ದೇಶದ 57 ಸಂಸ್ಥೆಗಳಲ್ಲಿ ಪ್ರಾಯೋಗಿಕ ಆರಂಭ. ಇಷ್ಟು ಕಡಿಮೆ ಸೀಟಿನಿಂದ ಶುರು ಮಾಡಿ 2030ಕ್ಕೆ ಇದೇ ಕನಿಷ್ಠ ಅರ್ಹತೆ ಅನ್ನೋದು ಹೇಗೆ?

ಖಾಸಗಿ_ಪ್ರಾಂಶುಪಾಲ

ಕರ್ನಾಟಕಕ್ಕೆ ಇನ್ನೊಂದು ತೊಡಕು ಇದೆ. ಕರಡಿನ ಒಂದು ವರ್ಷದ ಬಿಎಡ್ ಇರೋದು ನಾಲ್ಕು ವರ್ಷದ ಪದವಿ ಅಥವಾ ಸ್ನಾತಕೋತ್ತರ ಪದವಿ ಆದವರಿಗೆ. ನಮ್ಮ ರಾಜ್ಯ 2024-25ರಿಂದ ಮತ್ತೆ ಮೂರು ವರ್ಷದ ಪದವಿಗೆ ಬಂದಿದೆ. ಅಂದರೆ ನಮ್ಮ ಬಿಎ, ಬಿಎಸ್ಸಿ ಹುಡುಗರಿಗೆ ಎರಡು ವರ್ಷದ್ದೇ ಗತಿ. ಪಕ್ಕದ ರಾಜ್ಯದವನು 4+1, ನಮ್ಮವನು 3+2. ಒಟ್ಟು ವರ್ಷ ಒಂದೇ ಇರಬಹುದು, ಆದರೆ ಎರಡು ವರ್ಷದ್ದನ್ನು ಮುಚ್ಚುವ ದಿನ ಬಂದರೆ ನಮ್ಮ ಮಕ್ಕಳು ಎಲ್ಲಿಗೆ ಹೋಗಬೇಕು? ಕೇಂದ್ರ ಒಂದು ನೀತಿ, ರಾಜ್ಯ ಒಂದು ನೀತಿ, ನಡುವೆ ಪ್ರವೇಶ ಬಯಸೋ ಹುಡುಗಿ.

ಬಿಎಡ್_ಎರಡನೇ_ವರ್ಷ

ಇದು ನಮ್ಮ ಕಾಲೇಜಲ್ಲಿ ಯಾರಿಗೂ ಗೊತ್ತಿಲ್ಲ ಸರ್. ತಂಗಿ ಬಿಎಸ್ಸಿ ಮೊದಲ ವರ್ಷ, ಅವಳಿಗೆ ಏನು ಹೇಳಲಿ?

ಖಾಸಗಿ_ಪ್ರಾಂಶುಪಾಲ

ಸದ್ಯಕ್ಕೆ ಬಿಎಸ್ಸಿ ಚೆನ್ನಾಗಿ ಮುಗಿಸಲಿ. ಕರಡು ಅಂತಿಮ ನಿಯಮ ಆಗೋವರೆಗೆ ಯಾರ ಮಾತು ಕೇಳಿಯೂ ಓದು ಬಿಡಬೇಡ ಅಂತ ಹೇಳಮ್ಮ.

ಕಡೂರು_ಟೀಚರ್

ಎಲ್ಲರ ಮಾತೂ ಓದಿದೆ. ನನಗೆ ಬೇಕಾದ್ದನ್ನ ಖಡಾಖಂಡಿತವಾಗಿ ಬರೀತೀನಿ, ಹರಿದು ಹಾಕಿ ಬೇಕಾದರೆ.

ತಾಲ್ಲೂಕಿಗೆ ಕೆಲವೇ ಶಾಲೆಗಳನ್ನು ತರಬೇತಿ ಶಾಲೆ ಅಂತ ಗುರುತಿಸಲಿ. ಅಲ್ಲಿ ಹುದ್ದೆ ಖಾಲಿ ಇರಕೂಡದು, ನಲಿಕಲಿ ಕೋಣೆ ಇರಲೇಬೇಕು. ಅಲ್ಲಿನ ಮಾರ್ಗದರ್ಶಕ ಶಿಕ್ಷಕರಿಗೆ ವಾರಕ್ಕೆ ನಾಲ್ಕೈದು ಪೀರಿಯಡ್ ಬಿಡುವು ಕೊಡಲಿ, ಆ ಹೊತ್ತು ಟ್ರೈನಿಯದ್ದು. ಒಬ್ಬ ಮಾರ್ಗದರ್ಶಕರಿಗೆ ಇಬ್ಬರಿಗಿಂತ ಹೆಚ್ಚು ಟ್ರೈನಿ ಬೇಡ. ರೆಕಾರ್ಡಿನ ಅಂಕ ಅರ್ಧಕ್ಕೆ ಇಳಿಸಿ, ಅದನ್ನ ಶಾಲೆಯ ಶಿಕ್ಷಕರು ಕೊಡುವ ಅಂಕಕ್ಕೆ ಸೇರಿಸಲಿ. ಬಿಎಡ್ ಉಪನ್ಯಾಸಕರು ಕೆಲವು ವರ್ಷಕ್ಕೊಮ್ಮೆ ಒಂದು ಪೂರ್ತಿ ಅವಧಿ ಶಾಲೆಯಲ್ಲಿ ಪಾಠ ಮಾಡಲಿ, ನಮ್ಮಲ್ಲಿ ಒಬ್ಬರು ಆ ಹೊತ್ತಿಗೆ ಕಾಲೇಜಿಗೆ ಹೋಗಲಿ. ಇಂಟರ್ನ್‌ಶಿಪ್ಪಿನ 16 ವಾರಕ್ಕೆ ಬಸ್ ಪಾಸು, ಊಟದ ಖರ್ಚಾದರೂ ಸಿಗಲಿ. ಇಷ್ಟಾದರೆ ಒಂದು ವರ್ಷವೋ ನಾಲ್ಕೋ ಅನ್ನೋದನ್ನ ಆಮೇಲೆ ಕೂತು ಮಾತಾಡೋಣ.

ಹುಬ್ಬಳ್ಳಿ_ಗುರುಗಳು

ಟೀಚರ್, ಶಾಲಿ ಅಂಕ ಹೆಚ್ಚು ಮಾಡೂದು ಬ್ಯಾಡ್ರಿ. ಈಗ ಪ್ರಾಕ್ಟಿಕಲ್ ಅಂಕ ಹೆಂಗ ಕೊಡ್ತಾರ ಗೊತ್ತಲ್ಲ, ಎಲ್ಲಾರಿಗೂ 90ರ ಮ್ಯಾಲ. ಎಚ್‌ಎಂ ಮ್ಯಾಲ ಒತ್ತಡ ಬರತೈತಿ. ಹೊರಗಿನವರು ಒಬ್ಬರು ಬಂದು ಹೇಳದೇ ಕೇಳದೇ ಪಾಠ ನೋಡೂ ವ್ಯವಸ್ಥಾ ಬೇಕು. ಉಳದಿದ್ದಕ್ಕ ನನ್ನ ಸಹಿ ಐತಿ.

ಕಡೂರು_ಟೀಚರ್

ಹೊರಗಿನವರು ನೋಡಲಿ, ಬೇಡ ಅನ್ನಲ್ಲ. ಆದರೆ ಒಂದು ದಿನ ನೋಡಿದವರಿಗೆ ಆ 1/4 ಹುಡುಗನ ವಿಷಯ ಗೊತ್ತಾಗಲ್ಲ. ಮಾರನೇ ದಿನ ಅವಳು ಏನು ಮಾಡಿದಳು ಅನ್ನೋದು ಜೊತೆಗಿದ್ದವರಿಗೆ ಮಾತ್ರ ಗೊತ್ತು. ಇದರಲ್ಲಿ ನಾನು ಬಿಟ್ಟುಕೊಡಲ್ಲ.

ಡಯಟ್_ಉಪನ್ಯಾಸಕ

ಇಬ್ಬರೂ ಅರ್ಧರ್ಧ ಅಂಕ ಕೊಡಲಿ. ಪಾಠ ಮಾಡಲು ಶಾಲೆಗೆ ಹೋಗೋ ಮಾತಿಗೆ ನಾನು ಮೊದಲು ಹೆಸರು ಕೊಡ್ತೀನಿ. ಬಿಡುವಿನ ಪೀರಿಯಡ್ ಮಾತ್ರ ಕಷ್ಟ, ಹುದ್ದೆ ತುಂಬದೆ ಅದು ಆಗೋದಿಲ್ಲ. 2022ರಲ್ಲಿ 6ರಿಂದ 8ನೇ ತರಗತಿಗೆ 15,000 ಹುದ್ದೆಗೆ ಕರೆದರು, ಅದು ಕೋರ್ಟು ಮೆಟ್ಟಿಲು ಹತ್ತಿ ಎಷ್ಟು ಎಳೆದಾಡಿತು ಅಂತ ಎಲ್ಲರಿಗೂ ಗೊತ್ತು.

ರಾಯಚೂರು_ಅತಿಥಿ

ನಲಿಕಲಿ ಕೋಣಿ ಸೇರಿಸಿದ್ದಕ್ಕ ಧನ್ಯವಾದ ಅಕ್ಕೋರೆ. ಆ ತರಬೇತಿ ಶಾಲಿಗಳನ್ನ ನಮ್ಮ ಕಲ್ಯಾಣ ಕರ್ನಾಟಕದಿಂದನೇ ಶುರು ಮಾಡ್ಲಿ. ಪ್ರತಿ ಸಲ ಒಳ್ಳೇದು ಮೈಸೂರಿನಾಗ ಹುಟ್ಟಿ ನಮ್ಮ ಕಡೆ ಬರೂತನಕ ಯೋಜನೇನೇ ಮುಗದಿರತೈತಿ.

ಮಂಡ್ಯದ_ಅಪ್ಪ

ನಡುವೆ ಬಂದೆ, ಕ್ಷಮಿಸಿ. ಮಗಳು ಪಿಯುಸಿ ಸೈನ್ಸು, ಟೀಚರ್ ಆಗ್ಬೇಕು ಅಂತ ಹಟ ಹಿಡಿದವಳೆ. ಮೈಸೂರಿನ ಆ ನಾಲ್ಕು ವರ್ಷದ್ದಕ್ಕೆ ಹೆಂಗೆ ಸೇರೋದು? ಇಂಗ್ಲಿಷು ಅಷ್ಟಕ್ಕಷ್ಟೆ.

ಮಾನಸಗಂಗೋತ್ರಿ_ಹಳಬ

ಈಗ ಐಟೆಪ್‌ಗೆ ಎನ್‌ಸಿಇಟಿ ಅಂತ ರಾಷ್ಟ್ರಮಟ್ಟದ ಪ್ರವೇಶ ಪರೀಕ್ಷೆ, ಕೇಂದ್ರದ ಪರೀಕ್ಷಾ ಸಂಸ್ಥೆ ಎನ್‌ಟಿಎ ನಡೆಸುತ್ತೆ. ಕನ್ನಡದಲ್ಲೂ ಬರೀಬಹುದು. ಭಾಷೆ, ಅವಳ ವಿಷಯಗಳು, ಸಾಮಾನ್ಯ ಜ್ಞಾನದ ಜೊತೆ ಬೋಧನಾ ಅಭಿರುಚಿಯ ಪ್ರಶ್ನೆಗಳೂ ಇರುತ್ತವೆ. ಅರ್ಜಿ ಕರೆಯೋದನ್ನ ಎನ್‌ಟಿಎ ಜಾಲತಾಣದಲ್ಲೇ ನೋಡಿ, ಏಜೆಂಟರ ಬಳಿ ಹೋಗಬೇಡಿ. ಆರ್‌ಐಇಗೆ ದಕ್ಷಿಣದ ಎಲ್ಲ ರಾಜ್ಯದ ಮಕ್ಕಳೂ ಬರ್ತಾರೆ, ಪಾಠ ಇಂಗ್ಲಿಷಲ್ಲಿರುತ್ತೆ. ಮೊದಲ ಸೆಮಿಸ್ಟರ್ ಕಷ್ಟ ಆಗಬಹುದು, ನನಗೂ ಆಗಿತ್ತು. ಹಾಸ್ಟೆಲ್ಲಿನಲ್ಲಿ ಕನ್ನಡ ಮಾಧ್ಯಮದಿಂದ ಬಂದವರು ಸೇರಿ ಓದ್ತಿದ್ದೆವು. ಸೀಟು ಸಿಗದಿದ್ದರೆ ಬಿಎಸ್ಸಿ ಮುಗಿಸಿ ಬಿಎಡ್ ಮಾಡೋ ದಾರಿ ಇದ್ದೇ ಇದೆ.

ಮಂಡ್ಯದ_ಅಪ್ಪ

ತುಂಬಾ ಉಪಕಾರ ಆಯ್ತು ಸಾರ್. ಅವಳಿಗೇ ಫೋನ್ ಕೊಟ್ಟು ಮೇಲಿಂದ ಓದುಸ್ತೀನಿ.

ಕಡೂರು_ಟೀಚರ್

ಓದಲಿ ಸರ್. ಬೇಸಿಗೆ ರಜೆಗೆ ಮುಂಚೆ ಹತ್ತಿರದ ಸರ್ಕಾರಿ ಶಾಲೆಯ ಎಚ್‌ಎಂ ಅವರನ್ನ ಕೇಳಿ, ಕೆಲವು ದಿನ ತರಗತಿಯಲ್ಲಿ ಹಿಂದೆ ಕೂತು ನೋಡೋಕೆ ಬಿಟ್ಟಾರು. ಅರ್ಜಿ ಹಾಕೋ ಮೊದಲು ಅದನ್ನ ಮಾಡಿಸಿ.